ರ‍್ಯಾಪರ್ ಅಂಕಲ್‌ಗೆ ಹೊದಿಸಿದ ಶಾಲು

ತಪ್ಪು ನನ್ನದೇ. ಆ ಆಲ್ಬಮ್ ಕೇಳಿ ಟೆಕ್ಸಸ್‌ನ ಯಾವ ಕನ್ನಡಿಗರಿಗಾದರೂ ತಲೆನೋವು ಬಂದಿದ್ದರೆ ನನ್ನನ್ನೇ ಬೈಯಬೇಕು. ನಾನಾಗ ಆಸ್ಟಿನ್‌ನಲ್ಲಿ ಓದುತ್ತಿದ್ದೆ. ಓದುತ್ತಿದ್ದೆ ಎಂಬುದು ಅಮ್ಮನ ನಂಬಿಕೆ; ಮಾಡುತ್ತಿದ್ದುದು ಮಿಮಿಕ್ರಿ. ಡಾಲಸ್ ಪಕ್ಕದ ಯೂಲೆಸ್‌ನ ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ನಾನು, ಬೇರೆಯವರ ಗಂಟಲು ಸಿಕ್ಕಾಗ ಮಾತ್ರ ಅಪ್ಪಟ ಕನ್ನಡಿಗನಾಗುತ್ತಿದ್ದೆ.

ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಲಿದ ಗಂಟಲು ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿದ್ದ ಅಂಕಲ್ ಒಬ್ಬರದು. ಹುಬ್ಬಳ್ಳಿಯವರು. ವಾರವಿಡೀ ಹೃದಯದ ಡಾಕ್ಟರು, ಶನಿವಾರ ರ‍್ಯಾಪರ್. ಇಪ್ಪತ್ತು ವರ್ಷಗಳಿಂದ ಹ್ಯೂಸ್ಟನ್, ಆಸ್ಟಿನ್, ಡಾಲಸ್ ಮೂರೂ ಊರುಗಳ ಕನ್ನಡ ಸಂಘದ ವೇದಿಕೆಗಳಲ್ಲಿ, ಕೋಲಾಟಕ್ಕೂ ಊಟಕ್ಕೂ ನಡುವೆ, ಕಪ್ಪು ಕನ್ನಡಕ ಹಾಕಿಕೊಂಡು ಕೊಲೆಸ್ಟ್ರಾಲ್, ಹೆಂಡತಿ, ಹೈವೇ ಟ್ರಾಫಿಕ್ ಬಗ್ಗೆ ಪ್ರಾಸ ಕಟ್ಟಿ ಹೇಳುತ್ತಿದ್ದರು. ಆ ವರ್ಷ ಡಾಲಸ್‌ನ ಯುಗಾದಿಯಲ್ಲಿ ಹಾಡಿನ ಮಧ್ಯೆ ಉಸಿರು ಸಾಲದೆ ನಿಂತರು. ನಿಂತವರು ಅಲ್ಲೇ ನಿವೃತ್ತಿ ಘೋಷಿಸಿಬಿಟ್ಟರು. ಡಾಲಸ್ ಸಂಘದ ಅಧ್ಯಕ್ಷರು ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಹಲ್ಲಿನ ಡಾಕ್ಟರು, ಹೋಳಿಗೆ ಬಡಿಸುವುದಕ್ಕೂ ನಿಯಮ ಇರಬೇಕು ಎನ್ನುವವರು. ಮನಸ್ಸು ಬದಲಿಸಲು ಸಮಯವನ್ನೇ ಕೊಡದೆ ಪೇಟ, ಹಾರ, ಹಣ್ಣಿನ ಬುಟ್ಟಿ, ಅಂಚಿನಲ್ಲಿ ಜರಿಯ ನವಿಲುಗಳಿದ್ದ ಹಸಿರು ಶಾಲು ಎಲ್ಲ ಕೊಟ್ಟು ಅಂಕಲ್‌ರನ್ನು ಬೀಳ್ಕೊಟ್ಟರು. ಆ ವೇಗ ನೋಡಿದರೆ ಶಾಲು ಕೆಲವು ವರ್ಷಗಳಿಂದಲೇ ಅವರ ಕಾರಿನಲ್ಲಿ ಕಾಯುತ್ತಿತ್ತು ಅನ್ನಿಸುತ್ತದೆ.

ಮೂರು ವಾರದ ನಂತರ ಗೆಳೆಯನೊಬ್ಬನನ್ನು ನಗಿಸಲೆಂದು ಅಂಕಲ್ ದನಿಯಲ್ಲಿ ಮಾತಾಡಿ ವಾಟ್ಸಾಪ್ ಮಾಡಿದೆ: "ನಮಸ್ಕಾರ್ರೀ. ನಾ ಹೊಳ್ಳಿ ಬರಾಕತ್ತೀನಿ. ದೀಪಾವಳಿಗೆ ಆಲ್ಬಮ್. ಒಂಬತ್ತು ಹಾಡು." ಕೈತಪ್ಪಿ ಅದು ಹೋದದ್ದು ಮೂರೂ ಊರಿನ ಕನ್ನಡಿಗರಿರುವ ಗುಂಪಿಗೆ. ನಂಬರು ನನ್ನದಾದರೂ ಯಾರಿಗೂ ಅನುಮಾನ ಬರಲಿಲ್ಲ. ಯಾರೋ ಹುಡುಗನ ಫೋನಿನಿಂದ ಮಾತಾಡಿದ್ದಾರೆ ಅಂದುಕೊಂಡು ಅಂಕಲ್‌ಗೆ ಅಭಿನಂದನೆ ಸುರಿಸಿದರು.

ಕ್ಷಮೆ ಕೇಳಲು ಸೈಪ್ರೆಸ್‌ವರೆಗೂ ಡ್ರೈವ್ ಮಾಡಿದೆ. ಬಾಗಿಲು ತೆಗೆದ ಆಂಟಿ ಏನೂ ಕೇಳದೆ ಗರಾಜಿನತ್ತ ಕೈ ತೋರಿಸಿದರು. ಒಳಗೆ ಅಂಕಲ್ ವಾಷಿಂಗ್ ಮಷೀನಿನ ಸದ್ದಿಗೆ ತೊಡೆ ತಟ್ಟುತ್ತ ನಾಲ್ಕನೇ ಹಾಡಿನಲ್ಲಿದ್ದರು. ನಿಜ ಒಪ್ಪಿಕೊಂಡೆ. ಅವರು ಕಪ್ಪು ಕನ್ನಡಕ ತೆಗೆದರು. ಅದು ನನ್ನ ಕಿತಾಪತಿ ಎಂದು ಮೊದಲ ಮಾತಿಗೇ ಗೊತ್ತಾಗಿತ್ತಂತೆ. ಆದರೆ ಯಾರಾದರೂ ವಾಪಸ್ ಬಾ ಅಂದಾರೆಂದು ಮೂರು ವಾರ ಕಾದು ಕೂತಿದ್ದರಂತೆ, ಒಬ್ಬರೂ ಅಂದಿರಲಿಲ್ಲ.

"ಒಂಬತ್ತ್ ಯಾಕ ಅಂದ್ಯೋ? ಐದ್ ಅಂದಿದ್ರ ಇಷ್ಟೊತ್ತಿಗೆ ಮುಗೀತಿತ್ತು," ಎಂದರು.

ಏಳನೆಯದಕ್ಕೆ ಅವರ ಗಂಟಲು ಕಟ್ಟಿತು. ಕೊನೆಯ ಎರಡನ್ನು ಅವರ ದನಿಯಲ್ಲಿ ನಾನೇ ಹೇಳಿದೆ. ಆಲ್ಬಮಿನಲ್ಲಿ ಅಂಕಲ್ ಚೆನ್ನಾಗಿ ಹಾಡಿರುವುದು ಅವೆರಡೇ ಎಂದು ಆಂಟಿ ಇವತ್ತಿಗೂ ಹೇಳುತ್ತಾರೆ.

ಅಂಕಲ್‌ಗೆ ಒಂದೇ ಹಠ: ಉಸಿರು ಸಾಲದೆ ನಿಂತ ಜಾಗದಲ್ಲೇ, ಡಾಲಸ್ ವೇದಿಕೆಯಲ್ಲೇ ಆಲ್ಬಮ್ ಬಿಡುಗಡೆಯಾಗಬೇಕು. ಅಧ್ಯಕ್ಷರು ಒಪ್ಪಲಿಲ್ಲ. ಬೀಳ್ಕೊಟ್ಟವರನ್ನು ಮತ್ತೆ ವೇದಿಕೆ ಹತ್ತಿಸಿದರೆ ಸನ್ಮಾನಕ್ಕೆ ಏನು ಮರ್ಯಾದೆ ಎಂದು ಕಮಿಟಿ ಮೀಟಿಂಗ್ ಕರೆದರು. ಹಣ್ಣು ತಿಂದಾಗಿತ್ತು, ಹಾರ ಬಾಡಿತ್ತು, ಪೇಟವನ್ನು ಫೋಟೋ ಆದ ಕೂಡಲೇ ಸಂಘವೇ ವಾಪಸ್ ತೆಗೆದುಕೊಂಡಿತ್ತು. ಉಳಿದದ್ದು ಶಾಲು. ಅದನ್ನು ಹಿಂದಿರುಗಿಸಿದರೆ ನಿವೃತ್ತಿ ರದ್ದು ಎಂದು ತೀರ್ಮಾನವಾಯಿತು.

ಅಂಕಲ್ ಖುಷಿಯಿಂದ ಒಪ್ಪಿ ಬೀರು ತೆಗೆದರು. ಶಾಲಿರಲಿಲ್ಲ. ನಮ್ಮಲ್ಲಿ ಸನ್ಮಾನದ ಶಾಲನ್ನು ಯಾರೂ ಹೊದೆಯುವುದಿಲ್ಲ, ಇನ್ನೊಬ್ಬರಿಗೆ ಹೊದಿಸಲು ಎತ್ತಿಡುತ್ತೇವೆ. ಆಂಟಿ ಅದನ್ನು ಆಸ್ಟಿನ್ ಸಂಘಕ್ಕೆ ಕೊಟ್ಟಿದ್ದರು. ಆಸ್ಟಿನ್‌ನವರು 'ಯುವ ಮಿಮಿಕ್ರಿ ಪ್ರತಿಭೆ' ಎಂದು ಯಾರೋ ಪುಣ್ಯಾತ್ಮನಿಗೆ ಹೊದಿಸಿದ್ದರು. ಆ ಪುಣ್ಯಾತ್ಮ ನಾನು. ನಾನು ಅದರಲ್ಲಿ ಕೊಳೆ ಬಟ್ಟೆ ಗಂಟು ಕಟ್ಟಿಕೊಂಡು ಯೂಲೆಸ್‌ಗೆ ಒಯ್ದಿದ್ದೆ. ಅಮ್ಮ ಒಗೆದು, ಇಸ್ತ್ರಿ ಮಾಡಿ, ಯಾರದೋ ಗೃಹಪ್ರವೇಶಕ್ಕೆ ಉಡುಗೊರೆ ಕೊಟ್ಟಿದ್ದಳು. ಯಾರದೆಂದು ಅವಳಿಗೆ ನೆನಪಿಲ್ಲ. ಆ ಬೇಸಿಗೆಯಲ್ಲಿ ಏಳು ಗೃಹಪ್ರವೇಶಗಳಾಗಿದ್ದವು.

ದೀಪಾವಳಿ ಕಾರ್ಯಕ್ರಮದ ಮಧ್ಯಾಹ್ನ ಅಂಕಲ್ ಸೀಡಿಗಳ ಡಬ್ಬವನ್ನು ಎದೆಗವಚಿಕೊಂಡು ಪರದೆಯ ಪಕ್ಕ ನಿಂತಿದ್ದರು. ಬೇರೆ ಯಾವುದಾದರೂ ಶಾಲು ಕೊಟ್ಟು ಮುಗಿಸೋಣ ಎಂದೆ. ಸುಳ್ಳು ಹೇಳಿ ವೇದಿಕೆ ಹತ್ತುವುದಿಲ್ಲ ಎಂದರು. ಒಂಬತ್ತರಲ್ಲಿ ಎರಡು ಹಾಡು ಯಾರವೆಂದು ನಾನು ನೆನಪಿಸಲು ಹೋಗಲಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿಯ ಸನ್ಮಾನಕ್ಕೆಂದು ಜೋಡಿಸಿದ ತಟ್ಟೆ ಹಿಡಿದು ಅಧ್ಯಕ್ಷರು ಬಂದರು.

"ಸಾರಿ ಡಾಕ್ಟ್ರೇ. ಆ ಶಾಲು ನನ್ನ ಕೈಗೆ ಬರೋವರೆಗೂ ಮೈಕ್ ಕೊಡಕ್ಕಾಗಲ್ಲ. ಕಮಿಟಿ ಡಿಸೈಡ್ ಮಾಡಿದೆ."

ಅಂಕಲ್ ಡಬ್ಬವನ್ನು ನೆಲಕ್ಕಿಟ್ಟರು. ಕನ್ನಡಕವನ್ನೂ ತೆಗೆದು ಜೇಬಿಗೆ ಹಾಕಿಕೊಂಡರು.

ಆಂಟಿಯ ಕಣ್ಣು ಮಾತ್ರ ತಟ್ಟೆಯ ಮೇಲಿತ್ತು. ಹಸಿರು ಶಾಲು, ಜರಿಯ ನವಿಲುಗಳು. ಮಡಿಕೆಯ ತುದಿ ಎತ್ತಿ ತಿರುವಿದರು. ಯುಗಾದಿಯ ದಿನ ಬೆವರಿದ ಅಂಕಲ್ ತಲೆಯಿಂದ ಇಳಿದ ಕೂದಲಿನ ಬಣ್ಣ, ಅಮ್ಮನ ಒಗೆತಕ್ಕೂ ಜಗ್ಗದೆ, ಕಪ್ಪಗೆ ಅಲ್ಲೇ ಕೂತಿತ್ತು. ಅಮ್ಮ ಉಡುಗೊರೆ ಕೊಟ್ಟದ್ದು ಯಾರ ಗೃಹಪ್ರವೇಶಕ್ಕೆ ಎಂಬುದು ಅಧ್ಯಕ್ಷರ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು.

ಆಂಟಿ ದನಿಯನ್ನೇನೂ ಏರಿಸಲಿಲ್ಲ.

"ಶಾಲು ನಿಮ್ಮ ಕೈಯಾಗ ಬಂತಲ್ರೀ. ಈಗ ಮೈಕ್ ಕೊಡ್ರಿ."