ಅವ್ವ ಹೇಳದ ಹೆಸರು

ಮರೆವು ಶುರುವಾದ ಮೇಲೆ ನಮ್ಮವ್ವನಿಗೆ ಒಂದು ಕೆಲಸ ಸಿಕ್ಕಿತು. ತಾರ್ನಾಕದ ನಮ್ಮ ಮನೆಯ ಹತ್ತಿರವೇ ಡಿಮೆನ್ಶಿಯಾ ಬಗ್ಗೆ ಸಂಶೋಧನೆ ಮಾಡುವವರಿದ್ದರು. ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಕೇಳಲು ನೆನಪು ಪರೀಕ್ಷಿಸುವ ಪ್ರಶ್ನೆಗಳನ್ನು ಸಿದ್ಧಮಾಡುತ್ತಿದ್ದರು. ಯಾವ ಪ್ರಶ್ನೆ ಸರಿ, ಯಾವುದು ಸರಿಯಲ್ಲ ಎಂದು ಹೇಳಲು ಆ ಕಾಯಿಲೆ ಇರುವವರೇ ತಮ್ಮ ಜೊತೆ ಕೂರಬೇಕೆಂಬುದು ಅವರ ಹಟ. ಅವ್ವ ತಕ್ಷಣ ಒಪ್ಪಿಬಿಟ್ಟಳು.

"ಇಷ್ಟು ದಿನ ಎಲ್ಲಾರೂ ನನ್ನ ಪರೀಕ್ಷಾ ಮಾಡಿದ್ರು. ಈಗ ನಾ ಅವರನ್ನ ತಿದ್ದತೀನಿ."

ಅಪ್ಪನಿಗೆ ಮಾತ್ರ ಇದು ಹಿಡಿಸಲಿಲ್ಲ. ಕುಷಾಯಿಗೂಡದ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಉಳಿದದ್ದು ಒಂದೇ ನೌಕರಿ, ಅವ್ವನ ಪರವಾಗಿ ಉತ್ತರ ಕೊಡುವುದು. ಊಟ ಆಯ್ತೇನ್ರಿ ಎಂದು ಯಾರಾದರೂ ಅವ್ವನನ್ನು ಕೇಳಿದರೆ, "ಆಗೇತ್ರಿ" ಎಂದು ಇವನು. ಅವ್ವ ಕೆರಳುತ್ತಿದ್ದಳು. ಕೆರಳದೆ ಇನ್ನೇನು ಮಾಡಿಯಾಳು?

ಅಷ್ಟೆಲ್ಲ ಕಾವಲಿನ ಹಿಂದೆ ಅಪ್ಪನಿಗಿದ್ದದ್ದು ಒಂದೇ ಭಯ. ತನ್ನ ಹೆಸರು ಅವಳಿಗೆ ನೆನಪಿದೆಯೋ ಇಲ್ಲವೋ? ಉಳಿದವರ ವಿಷಯದಲ್ಲಿ ಗೊತ್ತಾಗುತ್ತಿತ್ತು. ನನ್ನನ್ನು ಅವಳು ಆಗಲೇ ಚಿಕ್ಕಮ್ಮನ ಹೆಸರು ಹಿಡಿದು ಕರೆಯುತ್ತಿದ್ದಳು. ಗಂಡನ ಹೆಸರನ್ನೋ, ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. "ಏನ್ರಿ", "ಇವರು", ಇಷ್ಟರಲ್ಲೇ ಇಡೀ ಸಂಸಾರ ಸಾಗಿತ್ತು. ಎಂದೂ ಹೇಳದ ಹೆಸರು ಮರೆತುಹೋದರೆ ತಿಳಿಯುವುದು ಹೇಗೆ?

"ನಾ ಯಾರು, ಹೇಳ ನೋಡೋಣು" ಎಂದು ಅವನು ಮೆಲ್ಲಗೆ ಕೇಳುತ್ತಿದ್ದ.

"ನೀವ್ಯಾರಂತ ನಿಮಗ ಮರತೈತೇನು?" ಎಂದು ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಪ್ರಶ್ನೆಗಳನ್ನು ನೋಡುವ ಸಭೆಯ ದಿನ ಮನೆಯವರೆಲ್ಲ ಹೊರಗೇ ಕೂರಬೇಕಾಯಿತು. ಅಪ್ಪನಂಥವರು ಎಲ್ಲ ಕಡೆಯೂ ಇರುತ್ತಾರೆ ಎಂದು ಸಂಶೋಧಕರಿಗೆ ಗೊತ್ತಿತ್ತೇನೋ. ಪ್ರಶ್ನೆ ಓದುವ ಹುಡುಗಿ ತೆಲುಗಿನವಳಾದ್ದರಿಂದ ಮಾತು ದಾಟಿಸಲು ನನ್ನನ್ನೊಬ್ಬಳನ್ನು ಒಳಗೆ ಬಿಟ್ಟರು. ಅವ್ವ ಎರಡು ಪ್ರಶ್ನೆಗಳನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಿಸಿದಳು. ಆಮೇಲಿನ ಪ್ರಶ್ನೆ, ನಿಮ್ಮ ಗಂಡನ ಹೆಸರೇನು?

ಅವ್ವ ಸೆರಗು ಸರಿಪಡಿಸಿಕೊಂಡು ತಲೆ ತಗ್ಗಿಸಿದಳು. ಮರೆತೇಬಿಟ್ಟಳೇನೋ ಅಂದುಕೊಂಡೆ. ಪರವಾಗಿಲ್ಲಮ್ಮಾ ಎಂದು ಹುಡುಗಿ ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಅವ್ವ ಅವಳ ಕೈ ಹಿಡಿದಳು.

"ನಿಂದರ ತಂಗಿ. ಗಂಡನ ಹೆಸರು ಹಿಂಗ ನೆಟ್ಟಗ ಕೇಳತಾರೇನು? ನನ್ನ ವಾರಿಗಿ ಹೆಣಮಕ್ಕಳು ಯಾರೂ ಹೇಳಂಗಿಲ್ಲ. ನೀ ಎಲ್ಲಾರೂ ಮರತಾರಂತ ಬರಕೊಂಡು ಹೋಗತಿ."

ಇದನ್ನು ತೆಲುಗಿನಲ್ಲಿ ಹೇಳುವಾಗ ನನಗೆ ಭಾರಿ ಖುಷಿ. ಹುಡುಗಿ ಪೆನ್ನು ಕೆಳಗಿಟ್ಟು, ಹಾಗಾದರೆ ಹೇಗೆ ಕೇಳಲಿ ಎಂದಳು.

"ಒಡಪ ಹಾಕ್ರಿ ಅನ್ನು."

ಮದುವೆಯಲ್ಲಿ, ಸೀಮಂತದಲ್ಲಿ ಗಂಡನ ಹೆಸರನ್ನು ಒಂದು ಪ್ರಾಸದೊಳಗೆ ಸೇರಿಸಿ ಹೇಳುವುದು ನಮ್ಮ ಕಡೆಯ ರೂಢಿ ಎಂದು ವಿವರಿಸಿದೆ. ಹುಡುಗಿ ತೊದಲುತ್ತಾ "ಒಡಪ ಹಾಕ್ರಿ" ಎಂದಳು. ಅವ್ವ ಶುರುಮಾಡಿದಳು. ಜೋಳದ ರೊಟ್ಟಿ ಬಂತು, ಬೆಣ್ಣೆ ಬಂತು, ಅಲ್ಲಿಗೆ ನಿಂತಿತು. ಅವ್ವ ಗಾಬರಿಯಾಗಲಿಲ್ಲ. ಮತ್ತೆ ರೊಟ್ಟಿಯಿಂದ ಹಿಡಿದು ಬೆಣ್ಣೆ ದಾಟಿ, ಅಪ್ಪನ ಹೆಸರನ್ನು ಸ್ಪಷ್ಟವಾಗಿ ಹೇಳಿದಳು. ನನಗೆ ಅಳು ಬಂದು ಅನುವಾದ ಅಲ್ಲಿಗೇ ನಿಂತಿತು.

ಹೊರಗೆ ವರಾಂಡದಲ್ಲಿ ಅಪ್ಪ ಎದ್ದು ನಿಂತಿದ್ದ. "ನನ್ನ ಹೆಸರು ಕೇಳಿದ್ರೇನವಾ?" ಎಂದು ನನ್ನನ್ನು ಕೇಳಿದ.

"ಕೇಳಿದ್ರು. ಒಡಪ ಹಾಕಿ ಹೇಳಿದಳು."

ಅಪ್ಪ ಕಣ್ಣು ಒರೆಸಿಕೊಂಡು ಅವ್ವನ ಕಡೆ ತಿರುಗಿದ. "ನನ್ನ ಮುಂದನೂ ಒಮ್ಮೆ ಹೇಳು."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಹೋಗ್ರಿ. ಮಗಳು ನಿಂತಾಳ, ನಾಚಿಕಿ ಇಲ್ಲ ಏನಿಲ್ಲ."

ಅಪ್ಪ ಆ ವರಾಂಡದಲ್ಲಿ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಮತ್ತೆಂದೂ ಅವಳನ್ನು ನಾ ಯಾರು ಎಂದು ಕೇಳಲಿಲ್ಲ.