ಮಣೆಯ ಮೇಲೆ ಕೂತ ಸಿಪಿಯು

ಮದರಾಸಿನ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದದ್ದು ನನ್ನ ಎಂ.ಎಸ್ಸಿ. ಪ್ರಾಜೆಕ್ಟಿನ ಹೆಸರಿನಲ್ಲಿ. ಸಂಖ್ಯಾಶಾಸ್ತ್ರಕ್ಕೆ ಇಂಟರ್ನೆಟ್ ಬೇಕೆಂದು ನಾನು ಹೇಳಿದ್ದು ನಿಜ, ಬೇಕಾಗಿದ್ದದ್ದೂ ನಿಜ. ಅಪ್ಪ ಒಪ್ಪಿದರು, ಒಂದು ಷರತ್ತಿನ ಮೇಲೆ.

"ಪ್ರಾಜೆಕ್ಟ್ ಕೊಟ್ಟ ಮರುದಿನ ಕನೆಕ್ಷನ್ ಕಟ್. ಆಮೇಲೆ ಏನು ನೋಡೋದಿದ್ರೂ ಆಫೀಸಲ್ಲಿ ನೋಡ್ಕೋ."

ಆಫೀಸು ಎಂದರೆ ಶೋಳಿಂಗನಲ್ಲೂರಿನಲ್ಲಿ ನನಗಾಗಿ ಕಾಯುತ್ತಿದ್ದ ಕೆಲಸ. ನಾನು ಸಂಜೆ ಹೊತ್ತು ನೋಡುತ್ತಿದ್ದದ್ದನ್ನು ಅಲ್ಲಿ ಯಾರೂ ನೋಡಲು ಬಿಡುವಂತಿರಲಿಲ್ಲ. ಅದು ಹೊಡೆದಾಟದ ಆಟ. ಇಬ್ಬರು ಎದುರುಬದುರು ನಿಂತು ಒಬ್ಬರನ್ನೊಬ್ಬರು ಗುದ್ದಿ, ಒದ್ದು, ಎತ್ತಿ ಒಗೆಯುವುದು. ಸಹಪಾಠಿಯೊಬ್ಬಳು ಕೊಟ್ಟ ಸಿ.ಡಿ.ಯಲ್ಲಿ ಬಂದದ್ದು. ಮೊದಮೊದಲು ಕಂಪ್ಯೂಟರಿನ ವಿರುದ್ಧವೇ ಆಡಿ ಗೆಲ್ಲುತ್ತಿದ್ದೆ. ಹಾಗೆ ಗೆದ್ದವರಿಗೆ ತಮ್ಮ ಬಗ್ಗೆ ಬರುವ ಅಭಿಪ್ರಾಯ ನನಗೂ ಬಂತು. ಆಮೇಲೆ ಆನ್‌ಲೈನ್‌ಗೆ ಹೋದೆ.

ಅಲ್ಲಿ ಆಡುವವರೆಲ್ಲ ಸೇರುವ ಒಂದು ಕೋಣೆ ಇತ್ತು. ಗೆದ್ದವರು ಕೂತೇ ಇರಬೇಕು, ಸೋತವರು ಎದ್ದು ಸಾಲಿನ ಕೊನೆಗೆ ಹೋಗಬೇಕು. ದೂರದ ದೇಶದವರ ಜೊತೆ ಆಡಿದರೆ ಏಟು ತಡವಾಗಿ ತಲುಪುತ್ತಿತ್ತು. ಹಾಗಾಗಿ ಸಂಜೆ ಹೊತ್ತು ಉಳಿಯುತ್ತಿದ್ದವರು ನಾವಿಬ್ಬರೇ: ನಾನು, ಮತ್ತು ಇದೇ ಊರಿನ ಒಬ್ಬ ಮನುಷ್ಯ. ಅಣ್ಣಾ ನಗರ್ ಕಡೆಯವನೆಂದು ಒಮ್ಮೆ ಬರೆದಿದ್ದ. ನಾನಿಟ್ಟುಕೊಂಡಿದ್ದ ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಅವನು ನನ್ನನ್ನು 'ತಂಬಿ' ಎಂದು ಕರೆದ. ತಮ್ಮನಾಗಿರುವುದು ಅನುಕೂಲವಾಗಿತ್ತು, ತಿದ್ದಲಿಲ್ಲ.

ಅವನದು ಬೋಳುತಲೆಯ ದಪ್ಪ ಕುಸ್ತಿಪಟು. ನನ್ನದು ಉದ್ದ ಕಾಲಿನ ಹೆಂಗಸು. ಅವಳ ದೊಡ್ಡ ಒದೆತ ನನಗೆ ಬಹಳ ಇಷ್ಟ. ಆ ಕೋಣೆಯಲ್ಲಿ ನಾನು ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಕನೆಕ್ಷನ್ ಹೋಗುವುದರೊಳಗೆ ಒಮ್ಮೆ, ಒಂದೇ ಒಂದು ಸಲ, ಅವನನ್ನು ಸಾಲಿನ ಕೊನೆಗೆ ಕಳಿಸಬೇಕು ಎಂಬುದು ಆ ವರ್ಷದ ನನ್ನ ದೊಡ್ಡ ಆಸೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ವಿಷಯವೂ ಆಗಿರಲಿಲ್ಲ.

ಹೊಸಬರ ಮೊದಲ ಕಾಯಿಲೆ ಹಾರುವುದು. ಏನೂ ತೋಚದಾಗ ಹಾರುತ್ತೇವೆ, ಇಳಿಯುವ ಜಾಗದಲ್ಲಿ ಎದುರಾಳಿ ಕೈಕಟ್ಟಿ ಕಾಯುತ್ತಿರುತ್ತಾನೆ. ಅದನ್ನು ಬಿಟ್ಟೆ. ಎರಡನೆಯ ಕಾಯಿಲೆ, ಸಿಕ್ಕ ಕೀಲಿಗಳನ್ನೆಲ್ಲ ಒಟ್ಟಿಗೆ ಒತ್ತುವುದು. ಅದನ್ನೂ ಬಿಟ್ಟೆ. ಹಿಂದಕ್ಕೆ ಸರಿದು ಏಟು ತಡೆಯುವುದನ್ನು, ಸುಮ್ಮನೆ ಕಾಯುವುದನ್ನು ಕಲಿತೆ. ಸುಮ್ಮನಿರುವುದು ನನಗೆ ಸುಲಭ, ಮನೆಯಲ್ಲೂ ಅದೇ ಅಭ್ಯಾಸ. ಇಷ್ಟಾದರೂ ಗೆಲುವು ಬರಲಿಲ್ಲ. ಚೆನ್ನಾಗಿ ಆಡುತ್ತಿರುವಾಗ, ನನ್ನ ದೊಡ್ಡ ಒದೆತ ಸರಿಯಾಗಿ ತಗುಲಿದ ಮರುಗಳಿಗೆಯೇ, ನನ್ನ ಹೆಂಗಸು ಬಸ್ಸಿಗೆ ಕಾಯುವವಳಂತೆ ನಿಂತುಬಿಡುತ್ತಿದ್ದಳು. ಬೋಳುತಲೆ ನಿಧಾನವಾಗಿ ನಡೆದು ಬಂದು ಅವಳನ್ನು ಎತ್ತಿ ಒಗೆಯುತ್ತಿದ್ದ.

"ಎನ್ನ ತಂಬಿ, ತೂಕ್ಕಮಾ?" ಎಂದು ಬರೆಯುತ್ತಿದ್ದ ಅವನು. ಏನು ತಮ್ಮಾ, ನಿದ್ದೆಯಾ?

ನನಗೆ ನಿದ್ದೆ ಇರಲಿಲ್ಲ. ನನ್ನ ಕೈ ತಪ್ಪಿಲ್ಲ ಎಂಬ ವಿಷಯದಲ್ಲಿ ಖಚಿತವಾಗಿದ್ದೆ. ಉಳಿದದ್ದು ಒಂದೇ ಕಾರಣ, ಕನೆಕ್ಷನ್. ಮಧ್ಯೆ ಮಧ್ಯೆ ನಿಲ್ಲುತ್ತದೆ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ದುಡ್ಡು ಕೊಟ್ಟದ್ದು ನಿಲ್ಲುವುದನ್ನು ಸಹಿಸುವವರಲ್ಲ. ಮರುದಿನವೇ ಲೈನಿನವನನ್ನು ಕರೆಸಿದರು.

ಅವನು ಮೋಡೆಮ್ಮಿನ ಮೇಲೆ ಅಂಗೈಯಿಟ್ಟು ಜ್ವರ ನೋಡುವಂತೆ ನೋಡಿದ. ವೈರು ಬಿಚ್ಚಿ ಊದಿ ಮತ್ತೆ ಹಾಕಿದ. "ಎಲ್ಲಾಂ ನಲ್ಲಾ ಇರುಕ್ಕು ಸಾರ್," ಎಂದ. ಎಲ್ಲಾ ಚೆನ್ನಾಗಿದೆ.

"ಇಲ್ಲಪ್ಪಾ, ಪ್ರಾಜೆಕ್ಟ್ ಮಧ್ಯದಲ್ಲಿ ನಿಂತುಹೋಗತ್ತಂತೆ," ಎಂದರು ಅಪ್ಪ, ತಮಿಳರ ಜೊತೆಗೂ ಅವಸರದಲ್ಲಿ ಕನ್ನಡವನ್ನೇ ಆಡುವ ಅವರ ರೂಢಿಯಂತೆ. ನನ್ನ ಕಡೆ ತಿರುಗಿ, "ತೋರ್ಸೇ, ಯಾವಾಗ ನಿಲ್ಲತ್ತೆ?" ಎಂದರು.

ತೋರಿಸಬೇಕಾದರೆ ಅಪ್ಪನ ಮುಂದೆ ಯಾರನ್ನಾದರೂ ಒದೆಯಬೇಕಿತ್ತು. ವಿಶ್ವವಿದ್ಯಾಲಯದ ಗ್ರಂಥಾಲಯದ ಪುಟ ತೆರೆದೆ. ಅದು ಹಿಂದೆಂದೂ ಇಲ್ಲದ ವೇಗದಲ್ಲಿ ತೆರೆದುಕೊಂಡಿತು. ಲೈನಿನವನು ನನ್ನ ಮುಖ ನೋಡಿ, ಹುಡುಗಿ ತುಂಬಾ ಓದುತ್ತಾಳೆ, ಸ್ವಲ್ಪ ವಿಶ್ರಾಂತಿ ಕೊಡಿ ಎಂದು ಅಪ್ಪನಿಗೆ ತಮಿಳಿನಲ್ಲಿ ಬುದ್ಧಿ ಹೇಳಿ, ಕಾಫಿ ಕುಡಿದು ಹೋದ.

ಕಂಪ್ಯೂಟರ್ ಇದ್ದದ್ದು ಹಾಲಿನಲ್ಲಿ. ಟಿ. ನಗರದ ನಮ್ಮ ಹಳೇ ಫ್ಲಾಟಿನ ಹಾಲಿನಲ್ಲೇ ಅಜ್ಜಿಯೂ ಕೂತಿರುತ್ತಿದ್ದರು, ಬೆತ್ತದ ಕುರ್ಚಿಯಲ್ಲಿ, ಹೂಬತ್ತಿ ಹೊಸೆಯುತ್ತಾ. ಪರದೆಯ ಕಡೆ ಅವರು ಅಷ್ಟಾಗಿ ನೋಡುತ್ತಿರಲಿಲ್ಲ. ಅವರ ಗಮನವೆಲ್ಲ ಸಿಪಿಯು ಮೇಲೆ. ಅದು ಬಂದ ದಿನವೇ, ವಿದ್ಯೆಯ ಪೆಟ್ಟಿಗೆ ಬರೀ ನೆಲದ ಮೇಲೆ ಕೂರಬಾರದೆಂದು ಮೇಜಿನ ಕೆಳಗೆ ಒಂದು ಮಣೆ ಹಾಕಿ ಅದರ ಮೇಲೆ ಕೂರಿಸಿದ್ದರು. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಅದರ ಹಣೆಯಲ್ಲಿ ಇನ್ನೂ ಉಳಿದಿತ್ತು. ಊಟಕ್ಕೆ ಕರೆದ ಆಚಾರ್ಯರ ಹಾಗೆ ಕಾಣುತ್ತಿತ್ತು.

ಪ್ರಾಜೆಕ್ಟ್ ಸಲ್ಲಿಸುವ ಹಿಂದಿನ ದಿನ ಸಂಜೆ ಎದುರು ಫ್ಲಾಟಿನ ಮಾಮಿ ಬಂದಿದ್ದರು. ನಾನು ಆಡುತ್ತಿದ್ದೆ, ಸೋಲುತ್ತಿದ್ದೆ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ನೋಡಿ ಮಾಮಿ, ಈ ಕಾಲದಲ್ಲಿ ಯಾವ ಹುಡುಗಿ ಹೀಗೆ ಮಾಡ್ತಾಳೆ? ಓದ್ತಾ ಓದ್ತಾನೇ ಸರಸ್ವತಿಗೆ ನಮಸ್ಕಾರ. ಅದೂ ಒಂದು ಸಲ ಅಲ್ಲ, ನಿಮಿಷಕ್ಕೊಂದು ಸಲ."

"ಅಪ್ಪಡಿಯಾ?" ಎಂದರು ಮಾಮಿ ಭಕ್ತಿಯಿಂದ. ಹೌದಾ?

ನಾನು ತಿರುಗಿದೆ. "ಯಾವ ನಮಸ್ಕಾರ ಅಜ್ಜಿ?"

"ಯಾವುದು ಅಂದ್ರೆ? ಕಾಲಿಂದ ಪೆಟ್ಟಿಗೇನ ಎತ್ತುತೀಯ, ಆಮೇಲೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ಕೋತೀಯ. ಎತ್ತದೇ ಇದ್ರೆ ಇನ್ನೂ ಒಳ್ಳೇದು, ಆದ್ರೆ ಪರವಾಯಿಲ್ಲ, ಮರ್ಯಾದೆ ಮರ್ತಿಲ್ಲ."

ಅಜ್ಜಿಯ ಬಾಯಲ್ಲಿ 'ಎತ್ತು' ಎಂದರೆ ತಮಿಳಿನ ಹಾಗೆ ಒದೆ, ಅವರು ಹುಟ್ಟಿದ್ದೇ ಮದರಾಸಿನಲ್ಲಿ. ನಾನು ಮತ್ತೆ ಪರದೆಯತ್ತ ತಿರುಗಿ, ಈ ಸಲ ನನ್ನನ್ನೇ ಗಮನಿಸುತ್ತಾ, ದೊಡ್ಡ ಒದೆತದ ಕೀಲಿ ಒತ್ತಿದೆ. ಪರದೆಯ ಹೆಂಗಸಿನ ಕಾಲು ಎದ್ದಿತು. ಮೇಜಿನ ಕೆಳಗೆ ನನ್ನ ಬಲಗಾಲೂ ಎದ್ದು ಸಿಪಿಯುಗೆ ತಗುಲಿತು. ತಗುಲಿದ್ದೇ ತಡ, ಬಲಗೈ ತನ್ನಷ್ಟಕ್ಕೆ ಕೆಳಗೆ ಹೋಗಿ, ಪೆಟ್ಟಿಗೆ ಮುಟ್ಟಿ, ಕಣ್ಣಿಗೆ ಬಂತು. ಕಣ್ಣು ಮುಚ್ಚಿತು. ತೆರೆದಾಗ ಬೋಳುತಲೆ ನನ್ನ ಹೆಂಗಸನ್ನು ತಲೆಕೆಳಗಾಗಿ ಹಿಡಿದಿದ್ದ.

ಪುಸ್ತಕಕ್ಕೆ ಕಾಲು ತಗುಲಿದರೆ, ಮನುಷ್ಯರಿಗೆ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕೆಂದು ಅಜ್ಜಿ ಕಲಿಸಿದಾಗ ನನಗೆ ಮಾತೂ ಸರಿಯಾಗಿ ಬರುತ್ತಿರಲಿಲ್ಲವಂತೆ. ಅದು ನನಗೆ ರೆಪ್ಪೆ ಬಡಿದಷ್ಟೇ ಸಹಜ, ಅಷ್ಟೇ ಅಗೋಚರ. ಲೈನು ಚೆನ್ನಾಗಿಯೇ ಇತ್ತು. ಪಂದ್ಯದ ನಡುವೆ ಪೂಜೆಗೆ ಎದ್ದು ಹೋಗುತ್ತಿದ್ದವಳು ನಾನೇ.

ಕೈಯನ್ನು ತಡೆದು ನೋಡಿದೆ. ಆಗಲಿಲ್ಲ. ತಡೆದರೆ ಮನಸ್ಸು ಪೆಟ್ಟಿಗೆಯ ಹತ್ತಿರವೇ ಉಳಿದು, ಮುಂದಿನ ಏಟೂ ತಪ್ಪುತ್ತಿತ್ತು. ಮಣೆಯನ್ನು ಆ ಕಡೆ ಸರಿಸಲು ಹೋದೆ.

"ಕೂತಿರೋದನ್ನ ಯಾಕೆ ಎಬ್ಬಿಸ್ತೀಯೆ?" ಎಂದರು ಅಜ್ಜಿ. ಅಲ್ಲಿಗೆ ಅದೂ ಮುಗಿಯಿತು.

ಮರುದಿನ ಬೆಳಿಗ್ಗೆ ಪ್ರಾಜೆಕ್ಟ್ ಕೊಟ್ಟು ಬಂದೆ. ಸಂಜೆ ಅಪ್ಪ ಬರುವಾಗಲೇ ಹೇಳಿದರು, "ನಾಳೆ ಬೆಳಿಗ್ಗೆ ಹೋಗಿ ಕನೆಕ್ಷನ್ ಸರೆಂಡರ್ ಮಾಡಿ ಬರ್ತೀನಿ." ಇದ್ದದ್ದು ಅದೊಂದೇ ಸಂಜೆ. ನಾನು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ, ಎಲೆಯ ಮುಂದೆ ಕೂತ ಹಾಗೆ ಕೂತೆ. ಎರಡೂ ಕಾಲುಗಳನ್ನು ನನ್ನ ಕೆಳಗೇ ಒತ್ತಿ ಇಟ್ಟುಕೊಂಡೆ.

"ಈಗ ನೋಡು, ಓದೋರು ಕೂರೋ ಹಾಗೆ ಕೂತಿದ್ದಾಳೆ," ಎಂದರು ಅಜ್ಜಿ.

ಬೋಳುತಲೆ ಎಂದಿನಂತೆ ಬಂದ. ತಡೆದೆ, ಕಾದೆ, ಹಾರಲಿಲ್ಲ. ದೊಡ್ಡ ಒದೆತ ಕೊಟ್ಟೆ, ತಗುಲಿತು. ಮಡಚಿದ ಕಾಲು ಒಳಗೇ ಮಿಸುಕಿತು, ಆದರೆ ಹೋಗಲು ಅದಕ್ಕೆ ಜಾಗವಿರಲಿಲ್ಲ. ನನ್ನ ಕೈ ಕೀಲಿಗಳ ಮೇಲೇ ಇತ್ತು. ಅವನೋ, ಇಷ್ಟು ದಿನದ ರೂಢಿಯಂತೆ, ನಾನು ಮಲಗಿರುವ ಹೊತ್ತೆಂದು ತೋಳು ಚಾಚಿ ನೆಟ್ಟಗೆ ನಡೆದು ಬಂದ. ಇನ್ನೊಂದು ಕೊಟ್ಟೆ. ಅವನು ಎದ್ದು ಮತ್ತೆ ಹಾಗೆಯೇ ನಡೆದು ಬಂದ. ಅವನಿಗೂ ಅಭ್ಯಾಸ ಬಿಡಲಾಗಲಿಲ್ಲ, ಪಾಪ. ಮತ್ತೊಂದು ಕೊಟ್ಟೆ. ಅವನು ಬಿದ್ದ, ಏಳಲಿಲ್ಲ.

ಪರದೆಯ ಮೇಲೆ ನನ್ನ ಹೆಂಗಸು ಕೈ ಮೇಲೆತ್ತಿದಳು. ನಾನು ಎತ್ತಲಿಲ್ಲ, ಹಾಲಿನಲ್ಲಿ ಜನರಿದ್ದರು.

ಅವನಿಂದ ಒಂದು ಸಾಲು ಬಂತು. "ತಂಬಿ, ಇನ್ನಿಕ್ಕಿ ತೂಂಗಲಿಯಾ?" ತಮ್ಮಾ, ಇವತ್ತು ನಿದ್ದೆ ಮಾಡ್ಲಿಲ್ವಾ?

'ಇಲ್ಲ' ಎಂದಷ್ಟೇ ಬರೆದೆ.

"ಯಾಕೇ, ಇವತ್ತು ನಮಸ್ಕಾರ ಮಾಡ್ಲೇ ಇಲ್ಲ?" ಹಿಂದಿನಿಂದ ಅಜ್ಜಿ ಕೇಳಿದರು. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು. "ಪ್ರಾಜೆಕ್ಟ್ ಮುಗೀತು ಅಂತ ಮರ್ತುಬಿಟ್ಯಾ?"

ಸಾಲಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಸೋತವನೇ ತಿರುಗಿ ಬಂದಿದ್ದ, ಮುಂದಿನ ಪಂದ್ಯ ತಾನಾಗಿಯೇ ಶುರುವಾಗುತ್ತಿತ್ತು. ನಾನು ಕಾಲು ಬಿಡಿಸಿದೆ, ಎರಡೂ ಜೋಮು ಹಿಡಿದಿದ್ದವು. ಮೆಲ್ಲಗೆ ಕುರ್ಚಿಯಿಂದ ಇಳಿದು, ಮೇಜಿನ ಕೆಳಗೆ ಬಗ್ಗಿ, ಎರಡೂ ಕೈಗಳಿಂದ ಸಿಪಿಯು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಮೇಲೆ ನನ್ನ ಹೆಂಗಸಿಗೆ ಏಟು ಬೀಳುವ ಸದ್ದು ಕೇಳುತ್ತಿತ್ತು. ಅವಸರ ಮಾಡಲಿಲ್ಲ.