ವೇದವಲ್ಲಿ ಆಂಟಿ ಕೋವಿ ಕೇಳಿದ್ದು

ಜಪಾನಿನ ಕನಜಾವಾದ ಕೋವಿ ಅಂಗಡಿಯಲ್ಲಿ ವೇದವಲ್ಲಿ ಆಂಟಿಯ ಕಣ್ಣು ಮೊದಲು ಹೋದದ್ದು ಒಂದು ರೈಫಲ್ ಮೇಲೆ. ಗಾಜಿನ ಹಿಂದೆ ಅದು ನಿದ್ದೆ ಮಾಡುತ್ತಿರುವಂತೆ ಒರಗಿತ್ತು. ಜೇನುಬಣ್ಣದ ಮರ, ತೆಳ್ಳಗೆ ಉದ್ದವಾದ ನಳಿಗೆ. ಆರು ತಿಂಗಳಿಂದ ಅವರು ಅಡುಗೆಮನೆಯ ಕಿಟಕಿಯ ಮುಂದೆ ನೆಲ ಒರೆಸುವ ಕೋಲನ್ನು ಭುಜಕ್ಕಿಟ್ಟು, ದೂರದ ಹಿಮದ ಬೆಟ್ಟಕ್ಕೆ ಗುರಿ ಹಿಡಿದು ಅಭ್ಯಾಸ ಮಾಡಿದ್ದರು. ಆಗ ಅವರ ಮನಸ್ಸಿನಲ್ಲಿದ್ದ ಕೋವಿ ಹೆಚ್ಚುಕಡಿಮೆ ಇದೇ.

ಅಂಗಡಿಯ ಯಜಮಾನರು ತಲೆ ಬಾಗಿಸಿದರು. "ಸುಮಿಮಾಸೆನ್, ಕ್ಷಮಿಸಿ. ರೈಫಲ್ ಬೇಕೆಂದರೆ ಮೊದಲು ಹತ್ತು ವರ್ಷ ಶಾಟ್‌ಗನ್ ಇಟ್ಟುಕೊಂಡಿರಬೇಕು. ಅದು ನಿಯಮ."

ಆಂಟಿ ನನ್ನ ಕಡೆ ತಿರುಗಿದರು. "ಹತ್ತು ವರ್ಷನಾ? ನಂಗಾಗ ಐವತ್ತಾರು ಕಣೇ. ಅಷ್ಟೊತ್ತಿಗೆ ಆ ಹಂದಿಗಳ ಮೊಮ್ಮಕ್ಕಳಿಗೆ ಮದ್ವೆ ಆಗಿರತ್ತೆ."

ಯಜಮಾನರು ನಗಲಿಲ್ಲ. ಕನ್ನಡ ಅವರಿಗೆ ಗೊತ್ತಿರಲಿಲ್ಲ. ಅಳತೆಪಟ್ಟಿ ತಂದು ಆಂಟಿಯ ತೋಳಿನ ಉದ್ದ ಅಳೆದರು. ಆಮೇಲೆ ಮೂರು ಕೋವಿಗಳನ್ನು ಒಂದಾದ ಮೇಲೊಂದು ಕೈಗೆ ಕೊಟ್ಟು, ಕಣ್ಣು ಮುಚ್ಚಿ ಭುಜಕ್ಕೇರಿಸಿ ಎಂದರು. ಕಣ್ಣು ತೆರೆದಾಗ ನೋಟ ನಳಿಗೆಯ ಮೇಲೆ ನೇರ ಹರಿದರೆ ಅದು ನಿಮ್ಮ ಕೋವಿ, ಇಲ್ಲದಿದ್ದರೆ ಬೇರೆ ಯಾರದೋ. ಮೊದಲನೆಯದು ಭಾರ. ಎರಡನೆಯದರಲ್ಲಿ ಕಣ್ಣು ತೆರೆದಾಗ ಗೋಡೆ ಕಂಡಿತು. ಮೂರನೆಯದು ಹಳೆಯದು, ಬಣ್ಣ ಮಾಸಿದ್ದು, ಬೇಟೆ ಬಿಟ್ಟ ಯಾರೋ ಅಂಗಡಿಗೆ ಮರಳಿಸಿದ್ದು. ಆಂಟಿ ಕಣ್ಣು ಮುಚ್ಚಿ ಅದನ್ನು ಎತ್ತಿದವರು ತುಂಬ ಹೊತ್ತು ತೆರೆಯಲೇ ಇಲ್ಲ. ತೆರೆದ ಮೇಲೆ ಮೆಲ್ಲಗೆ, "ಇದು," ಎಂದರು.

ಪರವಾನಗಿ ಬರುವ ತನಕ ಕೋವಿ ಅಂಗಡಿಯಲ್ಲೇ ಇರಬೇಕು. ಅವರ ಹೆಸರಿನ ಚೀಟಿ ಕಟ್ಟಿಸಿಕೊಂಡು ಅದು ಒಳಗೆ ಹೋಯಿತು.

ವೇದವಲ್ಲಿ ಆಂಟಿ ಹುಟ್ಟಿದ್ದು ದಾವಣಗೆರೆಯಲ್ಲಿ, ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ. ಅವರ ಗಂಡ ದ್ವಾರಕಾನಾಥ ಅಂಕಲ್ ಹತ್ತಿರದ ನೋಮಿ ಊರಿನ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು. ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ಅವರ ಮನೆ ನಮ್ಮ ಪಕ್ಕದ್ದು. ಶಾಲೆ ಮುಗಿದ ಮೇಲೂ ರಜಾದಿನಗಳಲ್ಲೂ ನಾನು ಹೆಚ್ಚಾಗಿ ಅಲ್ಲೇ ಇರುತ್ತಿದ್ದುದರಿಂದ ಇದನ್ನೆಲ್ಲ ಹತ್ತಿರದಿಂದ ನೋಡಿದೆ. ನೋಡದೆ ಇದ್ದದ್ದನ್ನು ಅವರನ್ನೇ ಕೇಳಿ ಬರೆಯುತ್ತಿದ್ದೇನೆ.

ಬೆಟ್ಟದ ಬುಡದಲ್ಲಿ ನಕಾಡೆ-ಸಾನ್ ಎಂಬ ಎಪ್ಪತ್ತೊಂಬತ್ತರ ಅಜ್ಜನ ಗದ್ದೆಗಳಿವೆ. ಅದರ ಮೂಲೆಯಲ್ಲಿ ಆಂಟಿ ಸಿಹಿಗೆಣಸು, ಮೆಂತ್ಯ, ಹಸಿಮೆಣಸಿನಕಾಯಿ ಬೆಳೆಯುತ್ತಾರೆ. ಕಾಡುಹಂದಿಗಳು ಪ್ರತಿವರ್ಷ ಗೆಣಸನ್ನು ಬಗೆದು ಹಾಕುತ್ತಿದ್ದವು. ಆದರೆ ಅವರು ಕೋವಿ ಕೇಳಿದ್ದು ಗೆಣಸಿಗಾಗಿ ಅಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಗದ್ದೆಯಂಚಿನ ತಂತಿಯ ಉರುಳಿನಲ್ಲಿ ಹಂದಿಯೊಂದು ಕಾಲು ಸಿಕ್ಕಿಸಿಕೊಂಡು ನಿಂತಿತ್ತು. ನಕಾಡೆ-ಸಾನ್ ಕಣ್ಣು ಮಂಜಾಗಿ ತಮ್ಮ ಕೋವಿಯನ್ನು ಆಗಲೇ ಪೊಲೀಸರಿಗೆ ಒಪ್ಪಿಸಿದ್ದರು. ಆ ಹಳ್ಳಿಯಲ್ಲಿ ಕೋವಿ ಇದ್ದವರು ಮತ್ತೆ ಯಾರೂ ಇರಲಿಲ್ಲ. ಅದನ್ನು ಗುಂಡಿಟ್ಟು ಮುಗಿಸಲು ಬೇರೆ ಊರಿನ ಬೇಟೆಗಾರ ಬರುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ಅಷ್ಟು ಹೊತ್ತೂ ಆಂಟಿ ಬದುವಿನ ಮೇಲೆ ಕೂತಿದ್ದರು. ಮಂಜು ಇಳಿದು, ಬಿಸಿಲಾಗಿ, ಮತ್ತೆ ಮಂಜಾಯಿತು. ಹಂದಿ ಮೊದಲು ಕಿರುಚಿತು, ಆಮೇಲೆ ಬರೀ ಉಸಿರಾಡಿತು. ಅದು ತಮ್ಮನ್ನೇ ನೋಡುತ್ತಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ ಎನ್ನುತ್ತಾರೆ ಅವರು.

ಅದಾದ ಮೇಲೆ ಕೋವಿ ಪರವಾನಗಿಯ ತರಗತಿಗೆ ಹೋದರು, ಜಪಾನಿ ಭಾಷೆಯಲ್ಲೇ ಬರವಣಿಗೆಯ ಪರೀಕ್ಷೆ ಬರೆದರು, ವೈದ್ಯರ ಪತ್ರ ತಂದರು, ಹಾರುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆದು ತೇರ್ಗಡೆಯಾದರು. ಬಟ್ಟೆ ಬೀರುವಿನೊಳಗೆ ಗೋಡೆಗೆ ಬೋಲ್ಟು ಹಾಕಿ ಕೋವಿ ಇಡುವ ಕಬ್ಬಿಣದ ಪೆಟ್ಟಿಗೆ ಕೂರಿಸಿದರು. ಅದರ ಕೀಲಿ ಎಲ್ಲಿದೆ ಎಂದು ಕೋವಿಯ ಒಡೆಯರಿಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಬಾರದು, ಗಂಡನಿಗೂ.

"ಇಪ್ಪತ್ತು ವರ್ಷದಲ್ಲಿ ನೀನು ನನ್ನಿಂದ ಮುಚ್ಚಿಟ್ಟ ಮೊದಲನೇ ವಸ್ತು ಇದು," ಎಂದರು ಅಂಕಲ್.

"ಮೊದಲನೇದು ಅಂತ ನೀವಂದ್ಕೊಂಡಿದೀರ, ಅಷ್ಟೇ."

ಉಳಿದದ್ದು ಪೊಲೀಸರ ವಿಚಾರಣೆ ಒಂದೇ. ಕೋವಿ ಕೇಳಿದವರು ಕುಡಿಯುತ್ತಾರೆಯೇ, ಸಿಟ್ಟಿನವರೇ, ಮನೆಯಲ್ಲಿ ಜಗಳವಿದೆಯೇ ಎಂದು ಅಕ್ಕಪಕ್ಕದ ಮನೆಗಳಲ್ಲೂ ಕೇಳುತ್ತಾರೆ. ಅಕ್ಟೋಬರಿನಲ್ಲಿ ಹಿಗಾಶಿ-ಸಾನ್ ಎಂಬ ಅಧಿಕಾರಿ ಬಂದರು. ಬೂಟು ಕಳಚಿ, ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿ, ಮೇಜಿನ ಮುಂದೆ ಕೂತು ಬಹಳ ಸಂಕೋಚದಿಂದ ಹೇಳಿದರು: "ಪ್ರತಿ ಶನಿವಾರ ಹನ್ನೊಂದೂವರೆಗೆ ಈ ಮನೆಯಿಂದ ಜೋರಾದ ಜಗಳ ಕೇಳಿಸುತ್ತದಂತೆ. ಹೆಂಗಸಿನ ಧ್ವನಿಯಂತೆ. ಕೆಳಗಿನ ಮನೆಯವರು ಕಳವಳದಿಂದ ಹೇಳಿದರು."

ಜಗಳದ ಮನೆಗೆ ಕೋವಿ ಕೊಡುವುದಿಲ್ಲ. ಒಮ್ಮೆ ಇಲ್ಲ ಎಂದು ಬರೆದರೆ ಇಷ್ಟು ದಿನ ಮಾಡಿದ್ದೆಲ್ಲ ಹೋದಂತೆಯೇ.

"ಅದು ಜಗಳ ಅಲ್ಲ," ಎಂದರು. "ನಮ್ಮಕ್ಕ. ಅವರಿಗೆ ಕಿವಿ ಕೇಳುವುದಿಲ್ಲ. ಫೋನಿನಲ್ಲಿ ಕೂಗಿ ಮಾತಾಡಬೇಕು."

ಹಿಗಾಶಿ-ಸಾನ್ ತಮ್ಮ ಪುಸ್ತಕವನ್ನು ನೋಡಿದರು. ಕೇಳಿದ್ದನ್ನು ನಂಬದೆ ಇರುವುದು ಅವರಿಗೆ ಇಷ್ಟವಿರಲಿಲ್ಲ, ಆದರೆ ನಂಬಿ ಬರೆಯುವಂತೆಯೂ ಇರಲಿಲ್ಲ. "ಹಾಗಾದರೆ ಶನಿವಾರ ನಾನು ಬಂದು ಕೇಳಬಹುದೇ?"

ಶನಿವಾರ ಬಂದರು. ನಾನು ಕಾಫಿ ಕೊಟ್ಟೆ. ಹನ್ನೊಂದೂವರೆಗೆ, ಅಂದರೆ ದಾವಣಗೆರೆಯ ಬೆಳಗಿನ ಎಂಟಕ್ಕೆ, ಪರದೆಯ ಮೇಲೆ ಅಕ್ಕ ಶಾರದಮ್ಮನವರ ಮುಖ ಮೂಡಿತು. ತಟ್ಟೆಯಲ್ಲಿ ದೋಸೆ ಇತ್ತು.

"ಏನೇ ವೇದಾ! ಯಾರೇ ಅದು ಪಕ್ಕದಲ್ಲಿ?"

"ಪೊಲೀಸ್ನೋರು, ಅಕ್ಕಾ!" ಆಂಟಿ ಕೂಗಿದರು. ಕಿಟಕಿಯ ಗಾಜು ಸಣ್ಣಗೆ ನಡುಗಿದಂತಾಯಿತು.

"ಪೊಲೀಸಾ? ಏನ್ ಮಾಡ್ದೆ ನೀನು? ಅವ್ರಿಗೆ ತಿಂಡಿ ಕೊಟ್ಯಾ?"

"ಏನು ಹೇಳಿದರು?" ಹಿಗಾಶಿ-ಸಾನ್ ಪೆನ್ನು ತೆಗೆದರು.

"ನಿಮಗೆ ತಿಂಡಿ ಆಯಿತೇ ಎಂದು ಕೇಳುತ್ತಿದ್ದಾರೆ."

ಅವರು ಅದನ್ನು ಬರೆದುಕೊಂಡರು. ಪರದೆಗೆ ತಲೆ ಬಾಗಿಸಿ ಆಯಿತೆಂದರು. ಚಟ್ನಿಗೆ ಉಪ್ಪು ಹೆಚ್ಚಾದದ್ದು, ಮೊಣಕಾಲು ನೋವು, ಎಲ್ಲವೂ ಸಿಡಿಲಿನ ಧ್ವನಿಯಲ್ಲಿ ಬಂತು, ಎಲ್ಲವೂ ಪುಸ್ತಕಕ್ಕೆ ಹೋಯಿತು. ಹಿಗಾಶಿ-ಸಾನ್ ಅವರ ಭುಜ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಶಾರದಮ್ಮ ಮತ್ತೆ ಕೇಳಿದರು:

"ಅದ್ಸರಿ, ಪೊಲೀಸ್ ಯಾಕ್ ಬಂದಿದ್ದು?"

ಆಂಟಿ ಅಕ್ಕನಿಗೆ ಕೋವಿಯ ವಿಷಯ ಹೇಳಿರಲೇ ಇಲ್ಲ. ಅವರು ನನ್ನನ್ನು ನೋಡಿದರು, ಅಂಕಲ್‌ರನ್ನು ನೋಡಿದರು. ಅಂಕಲ್ ಕಾಫಿ ಲೋಟದೊಳಗೆ ನೋಡುತ್ತಿದ್ದರು.

"ಕೋವಿ ತಗೋತಿದೀನಿ, ಅಕ್ಕಾ. ಹಂದಿಗೆ."

"ಏನಂದೆ? ಕೇಳ್ಸಲ್ಲ!"

"ಕೋವಿ! ಹಂದಿ ಹೊಡ್ಯಕ್ಕೆ!"

ದೋಸೆ ತಟ್ಟೆಗೆ ಬಿತ್ತು. ಆಮೇಲೆ ಬಂದದ್ದು ನಿಜವಾದ ಜಗಳ. ಅಪ್ಪ ಇದ್ದಿದ್ರೆ ಏನಂತಿದ್ರು, ಇರುವೆ ಸಾಲು ಕಂಡ್ರೂ ತುಳೀದೆ ದಾಟೋಳು ನೀನು, ಆ ದೇಶ ನಿನ್ನ ತಲೆ ಕೆಡಿಸಿದೆ ಎಂದೆಲ್ಲ. ಹಿಗಾಶಿ-ಸಾನ್ ಮುಂದಕ್ಕೆ ಬಾಗಿದರು. "ಈಗ ಏನು ಹೇಳುತ್ತಿದ್ದಾರೆ?"

ಮತ್ತೆ ಮೊಣಕಾಲು ನೋವು ಎಂದು ಆಂಟಿ ಹೇಳಿದ್ದರೆ ಅವರು ಅದನ್ನೇ ಬರೆಯುತ್ತಿದ್ದರು. ಕೊಠಡಿಯಲ್ಲಿದ್ದ ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಂಟಿ ಅವರ ಕಡೆ ತಿರುಗಿದರು. ಆಮೇಲೆ, "ನಾನು ಕೋವಿ ತೆಗೆದುಕೊಳ್ಳುವುದು ಬೇಡ ಎನ್ನುತ್ತಿದ್ದಾರೆ. ಇದು ಜಗಳವೇ," ಎಂದರು.

ಪೆನ್ನು ನಿಂತಿತು. ಪರದೆಯಿಂದ ಕೊನೆಯ ಪ್ರಶ್ನೆ ಬಂತು. ಈಗ ಶಾರದಮ್ಮನ ಧ್ವನಿ ಇಳಿದಿತ್ತು. "ನೀನೇ ಕೊಲ್ಬೇಕೇನೇ? ಬೇರೆ ಯಾರೂ ಇಲ್ವಾ?"

"ಇಲ್ಲ," ಎಂದರು ಆಂಟಿ ಮೆಲ್ಲಗೆ.

"ಹಾಂ?"

"ಇಲ್ಲಕ್ಕಾ! ಯಾರೂ ಇಲ್ಲ! ಅದು ಬೆಳಿಗ್ಗೆಯಿಂದ ಮೂರು ಗಂಟೆವರೆಗೂ ಹಂಗೇ ನಿಂತಿತ್ತು! ನಾನೇ ಮಾಡ್ಬೇಕು!"

ಅದು ಕೆಳಗಿನ ಮನೆಗೆ, ಮೇಲಿನ ಮನೆಗೆ, ಪಾರ್ಕಿಂಗಿಗೆಲ್ಲ ಕೇಳಿಸಿತು. ಶಾರದಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು, ಬಹಳ ಹೊತ್ತು.

"ಕಿವೀಲಿ ಹತ್ತಿ ಇಟ್ಕೊಂಡು ಹೊಡಿ," ಎಂದರು ಕೊನೆಗೆ. "ನನ್ ಥರ ಆಗ್ಬೇಡ."

ಆಂಟಿ ಅದನ್ನೂ, ಅದಕ್ಕೆ ಮುಂಚಿನದನ್ನೂ ಒಂದೊಂದು ಮಾತಾಗಿ ಜಪಾನಿಗೆ ತಂದು ಹೇಳಿದರು. ಹಿಗಾಶಿ-ಸಾನ್ ಬರೆಯಲಿಲ್ಲ, ಬರೀ ಕೇಳಿದರು. ಎದ್ದು ಬೂಟು ಹಾಕಿಕೊಳ್ಳುವಾಗ, "ಕೆಳಗಿನ ಮನೆಗೆ ಏನಾದರೂ ಸಿಹಿ ತೆಗೆದುಕೊಂಡು ಹೋಗಿ ಕ್ಷಮೆ ಕೇಳಿ. ಉಳಿದದ್ದು ನಾನು ಬರೆಯುತ್ತೇನೆ," ಎಂದರು.

ನವೆಂಬರ್ ಹನ್ನೊಂದಕ್ಕೆ ಪರವಾನಗಿ ಬಂತು. ಅಂಗೈಯಗಲದ ಪುಸ್ತಕ, ಒಳಗೆ ಕಣ್ಣರಳಿಸಿದ ಅವರ ಫೋಟೊ.

ಮೊದಲ ಬೇಟೆಗೆ ನಕಾಡೆ-ಸಾನ್ ಕೋವಿಯಿಲ್ಲದೆ, ಹಂದಿ ಎಬ್ಬಿಸುವ ನಾಯಿಗಳನ್ನು ಕರೆದುಕೊಂಡು ಜೊತೆಗೆ ಬಂದರು. ಆಂಟಿಯನ್ನು ಒಂದು ಸೀಡರ್ ಮರದ ಬುಡದಲ್ಲಿ ನಿಲ್ಲಿಸಿ, ಕರೆಯುವ ತನಕ ಕದಲಬಾರದು ಎಂದರು. ನಾಯಿಗಳು ಕಣಿವೆಯ ಆಚೆಗೆ ಹೋದವು. ಅವುಗಳ ಕೊರಳ ಗಂಟೆ ಸಣ್ಣದಾಗುತ್ತ ಆಗುತ್ತ ನೀರಿನ ಸದ್ದಿನೊಳಗೆ ಬೆರೆತುಹೋಯಿತು. ಮಂಜು ಅವರ ಮೊಣಕಾಲಿನ ತನಕ ಬಂತು, ಸೊಂಟದ ತನಕ ಬಂತು. ಒಂದು ಹೊತ್ತಿನಲ್ಲಿ ಕೋವಿಯ ತುದಿಯೂ ಕಾಣಲಿಲ್ಲವಂತೆ. ಎಲ್ಲಿ ನಿಂತಿದ್ದೇನೆ, ಯಾವ ದೇಶ ಎನ್ನುವುದೂ ಮರೆತುಹೋಗಿ, ಕೈಯಲ್ಲಿರುವ ಭಾರವೊಂದೇ ತಾನು ಅನ್ನಿಸಿತಂತೆ.

ಸಂಜೆ ಕೆನ್ನೆ ಕೆಂಪಾಗಿ ಮನೆಗೆ ಬಂದರು. ಕೋವಿ ಒರೆಸಿ, ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಇಡಲು ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಮತ್ತೆ ಒಳಗೆ ಬಂದಾಗ ನಾನು ಕೇಳಿದೆ, "ಏನಾಯ್ತು ಆಂಟಿ?"

"ಏನೂ ಬರ್ಲಿಲ್ಲ ಕಣೇ," ಎಂದರು ಬೂಟಿನ ಲೇಸು ಬಿಚ್ಚುತ್ತ. "ಬಂದಿದ್ರೆ ನಾನಿದ್ದೆ."